ಬಿಸಿಲಿಗೆ ತಡೆ, ಒಣಹವೆಗೆ ಹೊದಿಕೆ: ಚರ್ಮ ಮತ್ತು ತುಟಿಗಳ ಆರೈಕೆ

ಬಿಸಿಲು ಮತ್ತು ಒಣಹವೆ ಎರಡೂ ಚರ್ಮವನ್ನು ಕೆಡಿಸುತ್ತವೆಯಾದರೂ ಕೆಡಿಸುವ ಬಗೆ ಬೇರೆ ಬೇರೆ. ಬಿಸಿಲಿನಲ್ಲಿರುವ ನೇರಳಾತೀತ (ಯುವಿ) ಕಿರಣಗಳು ಚರ್ಮದ ಜೀವಕೋಶಗಳೊಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಒಣಗಾಳಿಯು ಚರ್ಮದ ಹೊರಪದರದಲ್ಲಿರುವ ನೀರನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ಮೊದಲನೆಯದಕ್ಕೆ ತಡೆ ಬೇಕು, ಎರಡನೆಯದಕ್ಕೆ ಹೊದಿಕೆ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುತ್ತದೆಂದು ತಿಳಿದು ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡು ಬಿಸಿಲಿಗೆ ಹೊರಡುವವರೂ, ಸನ್‌ಸ್ಕ್ರೀನ್ ಹಚ್ಚಿದ ಮೇಲೂ ಚರ್ಮ ಬಿರಿಯುತ್ತದೆಂದು ದೂರುವವರೂ ಕಡಿಮೆಯಿಲ್ಲ.

ಬಿಸಿಲು ಎಷ್ಟು ತೀಕ್ಷ್ಣವಾಗಿದೆ ಎಂಬುದನ್ನು ಸೆಖೆಯಿಂದ ಅಳೆಯಬಾರದು. ನೇರಳಾತೀತ ಕಿರಣಗಳು ಕಣ್ಣಿಗೆ ಕಾಣುವುದೂ ಇಲ್ಲ, ಮೈಗೆ ಬಿಸಿ ಎನಿಸುವುದೂ ಇಲ್ಲ. ತೆಳುವಾದ ಮೋಡದ ಮೂಲಕ ಅವುಗಳಲ್ಲಿ ಶೇ. 80ರವರೆಗೂ ಹಾದುಬರಬಲ್ಲವು, ಹೊಸದಾಗಿ ಬಿದ್ದ ಹಿಮವು ಹೆಚ್ಚುಕಡಿಮೆ ಅಷ್ಟನ್ನೇ ಮುಖಕ್ಕೆ ಹಿಂದಿರುಗಿಸುತ್ತದೆ, ಎತ್ತರದ ಪ್ರದೇಶಗಳಲ್ಲಿ ಪ್ರತಿ 1000 ಮೀಟರ್ ಮೇಲೇರಿದಂತೆ ಅವುಗಳ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ತಂಪಾದ ಬೆಟ್ಟದ ಮೇಲೆ ಮುಖ ಸುಟ್ಟುಕೊಂಡು ಬರುವವರು ಮೋಸಹೋಗುವುದು ಇಲ್ಲಿಯೇ. ಹವಾಮಾನ ವರದಿಯಲ್ಲಿ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕೆಂದೂ, 8 ದಾಟಿದರೆ ನಡುಹಗಲಿನಲ್ಲಿ ಹೊರಗೆ ನಿಲ್ಲದಿರುವುದೇ ಲೇಸೆಂದೂ ತಿಳಿಯಬೇಕು. ಫೋನ್ ಕೈಯಲ್ಲಿಲ್ಲದಿದ್ದರೆ ನಿಮ್ಮ ನೆರಳನ್ನೇ ನೋಡಿ: ಅದು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆ ಎಂದರ್ಥ.

ತಡೆಗಳಲ್ಲಿ ಮೊದಲನೆಯ ಸ್ಥಾನ ನೆರಳಿಗೆ ಮತ್ತು ಬಟ್ಟೆಗೆ ಸಲ್ಲಬೇಕು, ಕ್ರೀಮಿಗಲ್ಲ. ಒತ್ತಾಗಿ ನೇಯ್ದ, ಗಾಢ ಬಣ್ಣದ, ತೋಳು ತುಂಬುವ ಅಂಗಿಯು ಬೆವರಿಗೆ ಕರಗಿಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳುವ ಗೋಜೂ ಅದಕ್ಕಿಲ್ಲ. ಮುಂದಕ್ಕೆ ಮಾತ್ರ ಅಂಚಿರುವ ಟೊಪ್ಪಿಗೆಯು ಕಿವಿ ಮತ್ತು ಕತ್ತನ್ನು ಕಾಪಾಡದು. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚಿರುವ ಟೋಪಿ ಬೇಕು.

ಬಟ್ಟೆ ಮುಚ್ಚದ ಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಬೇಕು. ಇಲ್ಲಿ ಜನರು ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ ಸಂಖ್ಯೆಯ ಬಗ್ಗೆ ಪಡುವ ಚಿಂತೆಯಲ್ಲಿ ಕಾಲು ಭಾಗವನ್ನು ಹಚ್ಚುವ ಪ್ರಮಾಣದ ಬಗ್ಗೆ ಪಟ್ಟಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಚರ್ಮವನ್ನು ಕೆಂಪಾಗಿಸುವ ಯುವಿ-ಬಿ ಕಿರಣಗಳಲ್ಲಿ ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟನ್ನೂ ಎಸ್‌ಪಿಎಫ್ 50 ಶೇ. 98ರಷ್ಟನ್ನೂ ತಡೆಯುತ್ತವೆ, ಅಂತರ ಇಷ್ಟೇ. ಆದರೆ ಪ್ರಯೋಗಾಲಯದಲ್ಲಿ ಈ ಸಂಖ್ಯೆಗಳನ್ನು ನಿಗದಿಪಡಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ, ನಾವು ಸಾಮಾನ್ಯವಾಗಿ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಹೀಗಾಗಿ ಟ್ಯೂಬಿನ ಮೇಲೆ ಅಚ್ಚಾಗಿರುವ ರಕ್ಷಣೆ ನಮ್ಮ ಮುಖದ ಮೇಲೆ ಇರುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಕ್ರೀಮು ಮುಖ ಮತ್ತು ಕತ್ತಿಗೆ ಬೇಕಾಗುತ್ತದೆ. ವಯಸ್ಕರ ಇಡೀ ಮೈಗೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಹೊರಡುವ ಹದಿನೈದು ನಿಮಿಷ ಮೊದಲು ಹಚ್ಚಿ, ಹೊರಗಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಹಾಗೂ ಈಜಿದ ಅಥವಾ ಚೆನ್ನಾಗಿ ಬೆವತು ಒರೆಸಿಕೊಂಡ ಕೂಡಲೇ ಮತ್ತೆ ಹಚ್ಚಬೇಕು. ಕಿವಿಯ ಮೇಲಂಚು, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮತ್ತು ಬೈತಲೆಗಳನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿಯ ಅಳತೆ. ಸುಕ್ಕು ಮತ್ತು ಕಲೆಗಳಿಗೆ ಹೆಚ್ಚಾಗಿ ಕಾರಣವಾಗುವ ಯುವಿ-ಎ ಕಿರಣಗಳು ಚರ್ಮದಲ್ಲಿ ಇನ್ನೂ ಆಳಕ್ಕಿಳಿಯುತ್ತವೆ, ಮಾಮೂಲಿ ಕಿಟಕಿ ಗಾಜಿನ ಮೂಲಕವೂ ಒಳಬರುತ್ತವೆ. ಆದ್ದರಿಂದ ಎರಡನ್ನೂ ತಡೆಯುವುದಾಗಿ ಬರೆದಿರುವ, ಬ್ರಾಡ್ ಸ್ಪೆಕ್ಟ್ರಂ ಎಂಬ ಗುರುತಿರುವ ಸನ್‌ಸ್ಕ್ರೀನನ್ನೇ ಕೊಳ್ಳಬೇಕು. ಬೇಗ ಉರಿಯುವ ಚರ್ಮದವರಿಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವವು ಒಗ್ಗುತ್ತವೆ. ಕಪ್ಪು ಚರ್ಮದವರಿಗೆ ಇವು ಬಿಳಿಚಿದಂತೆ ಕಂಡು ಬೇಸರವಾಗುವುದರಿಂದ ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಳ್ಳಬಹುದು. ಬಂಗು ಇರುವವರಿಗೆ ಇದರಿಂದ ಹೆಚ್ಚಿನ ಲಾಭವಿದೆ, ಏಕೆಂದರೆ ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆರು ತಿಂಗಳೊಳಗಿನ ಶಿಶುಗಳಿಗೆ ಕ್ರೀಮಿಗಿಂತ ನೆರಳು ಮತ್ತು ಬಟ್ಟೆಯೇ ಸರಿಯಾದ ರಕ್ಷಣೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದನ್ನು ಮಾತ್ರ ಯಾರೂ ಮಾಡಬಾರದು. ಅದರಲ್ಲಿರುವ ಕೆಲವು ರಾಸಾಯನಿಕಗಳು ಯುವಿ-ಎ ಜೊತೆ ಸೇರಿ ಬೊಕ್ಕೆ ಎಬ್ಬಿಸಿ, ತಿಂಗಳುಗಟ್ಟಲೆ ಮಾಯದ ಕಪ್ಪು ಕಲೆ ಉಳಿಸಬಲ್ಲವು.

ಇನ್ನು ಒಣಹವೆಯ ವಿಷಯ. ಚರ್ಮದ ಹೊರಪದರವನ್ನು ಇಟ್ಟಿಗೆಗೋಡೆಗೆ ಹೋಲಿಸುವುದುಂಟು: ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಬಿಸಿನೀರಿನ ದೀರ್ಘಸ್ನಾನ ಮತ್ತು ಕ್ಷಾರಗುಣದ ಸಾಬೂನು ಈ ಗಾರೆಯನ್ನು ತೊಳೆದುಬಿಡುತ್ತವೆ. ಹಾಗಾಗಿ ಒಣಹವೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಕಂಕುಳು, ತೊಡೆಸಂದು, ಪಾದಗಳಿಗಷ್ಟೇ ಸಾಬೂನು ಬಳಸಿದರೆ ಸಾಕು. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ, ಅಂದರೆ ಐದು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಬೇಕು. ಗ್ಲಿಸರಿನ್, ಯೂರಿಯಾದಂಥವು ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿಯಂಥವು ಅದು ಆವಿಯಾಗದಂತೆ ಮುಚ್ಚುತ್ತವೆ. ಎರಡೂ ಬಗೆಯವು ಒಟ್ಟಿಗಿದ್ದರೆ ಒಳ್ಳೆಯದು. ಬೆಳಿಗ್ಗೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಂಡ ಮೇಲೆ ಸನ್‌ಸ್ಕ್ರೀನ್ ಹಚ್ಚಬೇಕು. ಕೋಣೆಯಲ್ಲಿ ಹೀಟರ್ ಅಥವಾ ಎಸಿ ನಡೆಯುತ್ತಿದ್ದರೆ ಹೊರಗೆ ಕಾಲಿಡದಿದ್ದರೂ ಚರ್ಮ ಒಣಗುತ್ತದೆಂಬುದು ನೆನಪಿರಲಿ.

ತುಟಿಗಳಿಗೆ ಪ್ರತ್ಯೇಕ ಗಮನ ಬೇಕು. ಅವುಗಳ ಹೊರಪದರ ಬಹಳ ತೆಳು, ಜಿಡ್ಡು ಸುರಿಸುವ ಗ್ರಂಥಿಗಳು ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲನ್ನು ತಡೆಯುವ ಮೆಲನಿನ್ ಕೂಡ ಉಳಿದ ಚರ್ಮದಷ್ಟಿಲ್ಲ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿದಾಗ ಕ್ಷಣಕಾಲ ಹಾಯೆನಿಸುತ್ತದೆ, ಆದರೆ ಎಂಜಲು ಆರುವಾಗ ಇದ್ದ ಪಸೆಯೂ ಹೋಗಿ, ಅದರಲ್ಲಿನ ಜೀರ್ಣಕಿಣ್ವಗಳು ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ; ಮತ್ತೆ ಸವರಬೇಕೆನಿಸುತ್ತದೆ. ಈ ಅಭ್ಯಾಸ ಬಿಡಲು ಮನೋಬಲವನ್ನೇ ನೆಚ್ಚುವುದಕ್ಕಿಂತ ಲಿಪ್ ಬಾಮನ್ನು ಜೇಬಿನಲ್ಲಿಟ್ಟುಕೊಳ್ಳುವುದು ಸುಲಭ. ಹಗಲಿನಲ್ಲಿ ಎಸ್‌ಪಿಎಫ್ 30 ಇರುವ ಬಾಮನ್ನು ದಪ್ಪನಾಗಿ ಹಚ್ಚಿ, ಊಟ ಮಾಡಿದ ಮೇಲೂ ನೀರು ಕುಡಿದ ಮೇಲೂ ಮತ್ತೆ ಹಚ್ಚಬೇಕು. ರಾತ್ರಿಗೆ ಬಣ್ಣವೂ ಸುವಾಸನೆಯೂ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು. ಹಚ್ಚಿದೊಡನೆ ಚುರುಗುಟ್ಟುವ ಅಥವಾ ತಣ್ಣಗೆನಿಸುವ ಬಾಮುಗಳಲ್ಲಿ ಮೆಂಥಾಲ್, ಕರ್ಪೂರ ಮುಂತಾದವು ಇರುತ್ತವೆ. ಆ ಚುರುಕನ್ನು ಔಷಧದ ಗುಣವೆಂದು ಭಾವಿಸಬಾರದು, ಒಡೆದ ತುಟಿಗೆ ಅದು ಕಿರಿಕಿರಿಯೇ. ಎದ್ದ ಸಿಪ್ಪೆಯನ್ನು ಕಿತ್ತರೆ ರಕ್ತ ಬಂದು ಗಾಯವಾಗುತ್ತದೆ. ಜೆಲ್ಲಿ ಹಚ್ಚಿ ಬಿಟ್ಟರೆ ಅದು ತಾನಾಗಿ ಉದುರುತ್ತದೆ.

ಇಷ್ಟೆಲ್ಲ ಮಾಡಿದರೂ ಎರಡು ಮೂರು ವಾರಗಳಲ್ಲಿ ತುಟಿ ಸರಿಹೋಗದಿದ್ದರೆ ಬೇರೆ ಕಾರಣವಿರಬಹುದು. ಬಾಯಿಯ ಮೂಲೆಗಳಲ್ಲಷ್ಟೇ ಬಿರುಕಿದ್ದರೆ ಅದು ಅನೇಕ ವೇಳೆ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಸೋಂಕು, ಬಾಮಿನಿಂದ ವಾಸಿಯಾಗದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತುಟಿಯನ್ನು ವಿಪರೀತ ಒಣಗಿಸುತ್ತದೆ, ಡಾಕ್ಸಿಸೈಕ್ಲಿನ್ ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ. ಇಂಥ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ವರ್ಷಾನುಗಟ್ಟಲೆ ಬಿಸಿಲಿನಲ್ಲಿ ದುಡಿದವರ ಕೆಳದುಟಿಯಲ್ಲಿ ಮರಳುಕಾಗದದಂತೆ ಒರಟಾದ, ಬಿಳಿಚಿದ ಮಚ್ಚೆ ಕಾಣಿಸಿಕೊಂಡರೆ ಅಥವಾ ತುಟಿಯ ಅಂಚಿನ ಗೆರೆ ಮಸುಕಾದರೆ ಅದನ್ನು ಬರಿಯ ಒಣಗುವಿಕೆ ಎಂದು ಬಿಡದೆ ಚರ್ಮವೈದ್ಯರಿಗೆ ತೋರಿಸಬೇಕು, ಏಕೆಂದರೆ ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯಾಗಿರಬಹುದು ಮತ್ತು ಆ ಹಂತದಲ್ಲಿ ಅದಕ್ಕೆ ಚಿಕಿತ್ಸೆಯಿದೆ.