ಅಳಿವೆಯ ಕಂದು ನೀರಿಗೆ ಬಿಸಿಲು: ನಾನು ಅಳೆಯುವ ಕ್ರಮ

ಅಳಿವೆಯ ನೀರಿನಲ್ಲಿ ಬಿಸಿಲು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಮಣ್ಣು, ಕೊಳೆತ ಎಲೆಗಳಿಂದ ಕರಗಿ ಬಂದ ಸಾವಯವ ದ್ರವ್ಯವನ್ನು ತುಂಡರಿಸಿ ಸೂಕ್ಷ್ಮಾಣುಗಳಿಗೆ ತಿನ್ನಲು ಬರುವಂತೆ ಮಾಡುತ್ತದೆ. ಅದೇ ಹೊತ್ತಿಗೆ ಆ ಸೂಕ್ಷ್ಮಾಣುಗಳನ್ನೇ ಕೊಲ್ಲುತ್ತದೆ. ನೀರನ್ನು ಹಾಗೆಯೇ ಬಾಟಲಿಗೆ ತುಂಬಿ ಬಿಸಿಲಿಗಿಟ್ಟರೆ ಎರಡೂ ಕಲಸಿಹೋಗುತ್ತವೆ. ಅದಕ್ಕೇ ಮೊದಲು ಸೂಕ್ಷ್ಮಾಣು ತೆಗೆದ ನೀರಿಗೆ ಬಿಸಿಲು ಕೊಡುತ್ತೇನೆ, ಆಮೇಲೆ ಅದೇ ನೀರಿಗೆ ಕತ್ತಲಲ್ಲಿ ಸೂಕ್ಷ್ಮಾಣು ಬಿಡುತ್ತೇನೆ.

ಕಾಸರಗೋಡಿನ ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳು ಮಳೆಗಾಲದಲ್ಲಿ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತವೆ. ಆದರೆ ಆಗ ಮೋಡ. ಬಣ್ಣವೂ ಬಿಸಿಲೂ ಒಟ್ಟಿಗೆ ಸಿಗಬೇಕಾದರೆ ಮಳೆ ಬಿಡುವು ಕೊಡುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಇಳಿತದ ಕೊನೆಯಲ್ಲಿ ನೀರು ತುಂಬಿಕೊಂಡರೆ ಹೊಳೆಯ ಪಾಲು ಹೆಚ್ಚಿರುತ್ತದೆ. ಲವಣಾಂಶವನ್ನು ಅಲ್ಲೇ ಅಳೆದು ಬರೆದಿಡಿ. ಹೊಳೆಯಿಂದ ಕಡಲಿಗೆ ಹೋದಂತೆ ಬಣ್ಣ ತಿಳಿಯಾಗುವುದನ್ನು ನೋಡಿ ಬಿಸಿಲಿನ ಕೆಲಸ ಎಂದುಕೊಳ್ಳುವವರು ಬಹಳ. ಲವಣಾಂಶದ ಎದುರು ಬಣ್ಣವನ್ನು ಗುರುತಿಸಿದಾಗ ಬಿಂದುಗಳು ನೇರ ಗೆರೆಯಲ್ಲಿ ಕೂತರೆ ಅದು ಉಪ್ಪುನೀರು ಬೆರೆತು ತೆಳುವಾದದ್ದು, ಅಷ್ಟೆ.

ಗಾಜಿನ ಸಾಮಾನನ್ನೆಲ್ಲ 10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ತೊಳೆಯಬೇಕು. ನೀರನ್ನು ಮೊದಲು 450 ಡಿಗ್ರಿಯಲ್ಲಿ 4 ಗಂಟೆ ಸುಟ್ಟ ಗ್ಲಾಸ್ ಫೈಬರ್ ಫಿಲ್ಟರಿನಲ್ಲಿ, ಆಮೇಲೆ 0.2 ಮೈಕ್ರಾನಿನ ಫಿಲ್ಟರಿನಲ್ಲಿ ಸೋಸುತ್ತೇನೆ. ಹೊಸ ಫಿಲ್ಟರೇ ಸಾವಯವ ಇಂಗಾಲ ಬಿಡುತ್ತದೆ. ಶುದ್ಧ ನೀರು ಹಾಯಿಸಿ ಚೆಲ್ಲದೆ ಬಳಸಬಾರದು.

ಪಾತ್ರೆ ಕ್ವಾರ್ಟ್ಜ್‌ ನಳಿಕೆಯಾದರೆ ನೇರಳಾತೀತ (ಯುವಿ) ಕಿರಣವೆಲ್ಲ ಒಳಗೆ ಬರುತ್ತದೆ. ಬೋರೋಸಿಲಿಕೇಟ್ ಗಾಜು ಅದರಲ್ಲಿ ಗಿಡ್ಡ ತರಂಗದ ಭಾಗವಾದ ಯುವಿ-ಬಿಯನ್ನು ಸ್ವಲ್ಪ ನುಂಗುತ್ತದೆ, ಕುಡಿಯುವ ನೀರಿನ ಪೆಟ್ ಬಾಟಲಿ ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಕಿರಣಗಳನ್ನು ಬೇರೆ ಮಾಡಲು ನಳಿಕೆಗಳ ಮೇಲೆ ಹಾಳೆ ಹೊದಿಸುತ್ತೇನೆ: ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಸುಮಾರು 320 ನ್ಯಾನೋಮೀಟರಿನ ಕೆಳಗಿನದನ್ನು ತಡೆಯುತ್ತದೆ, ಮಾಡಿಗೆ ಹಾಕುವ ಪಾಲಿಕಾರ್ಬೊನೇಟ್ ಯುವಿಯನ್ನು ಬಹುಪಾಲು ತಡೆಯುತ್ತದೆ. ಅಂಗಡಿಯವನ ಮಾತು ಸಾಲದು, ಒಂದು ಚೂರು ಕತ್ತರಿಸಿ, ಪ್ರತಿ ತರಂಗದ ಬೆಳಕು ಎಷ್ಟು ಹೀರಲ್ಪಡುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಇಟ್ಟು ನೋಡಿ. ಎರಡು ಪದರ ಫಾಯಿಲ್ ಸುತ್ತಿದ ನಳಿಕೆಗಳು ಕತ್ತಲಿನವು. ಪ್ರತಿಯೊಂದು ಬಗೆಗೂ ಮೂರು ನಳಿಕೆ.

ನಳಿಕೆ ತೆಳ್ಳಗಿರಲಿ. ಹೀರಿಕೆಯ ಗುಣಾಂಕ (ಒಂದು ತರಂಗದ ಬೆಳಕನ್ನು ನೀರು ಎಷ್ಟು ಹೀರುತ್ತದೆಂಬ ಅಳತೆ) ಮೀಟರಿಗೆ 20 ಇರುವ ನೀರು 2.5 ಸೆಂಟಿಮೀಟರ್ ದಪ್ಪವಿದ್ದರೆ ಒಳಗಿನ ಸರಾಸರಿ ಬೆಳಕು ಮೇಲೆ ಬಿದ್ದದ್ದರ 79 ಶೇಕಡಾ ಮಾತ್ರ. ಹೊಳೆಯಲ್ಲೂ ಅಷ್ಟೆ, ಅಂಥ ನೀರಿನಲ್ಲಿ ಆ ತರಂಗದ ಬೆಳಕು 23 ಸೆಂಟಿಮೀಟರ್ ಇಳಿಯುವಷ್ಟರಲ್ಲಿ 1 ಶೇಕಡಾಕ್ಕೆ ಬರುತ್ತದೆ.

ನಳಿಕೆಗಳನ್ನು ಕಪ್ಪು ಟ್ರೇಯಲ್ಲಿ ಅಡ್ಡ ಮಲಗಿಸಿ, ಮೇಲೆ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ, ಬಾವಿ ನೀರನ್ನು ಸಣ್ಣಗೆ ಹರಿಯಬಿಡುತ್ತೇನೆ. ನಿಂತ ನೀರು ಮಧ್ಯಾಹ್ನ ಕಾದರೆ ಬದಲಾವಣೆ ಬೆಳಕಿನದೋ ಬಿಸಿಯದೋ ಹೇಳಲಾಗದು. ಟೆರೇಸಿನ ಮೇಲೆ ತೆಂಗಿನ ಗರಿಯ ನೆರಳು ಬೀಳದ ಜಾಗ ಹುಡುಕಿ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಸಮಯವನ್ನು ಅದರ ಎರಡೂ ಬದಿಗೆ ಸಮನಾಗಿ ಹಂಚಿಕೊಳ್ಳಿ.

ಮುರಕಲ್ಲಿನ ನಾಡಿನ ನೀರಿನ ತಕರಾರು ಕಬ್ಬಿಣ. ಕರಗಿದ ಕಬ್ಬಿಣ ತಾನೂ ಯುವಿ ಹೀರುತ್ತದೆ, ಸಾವಯವ ಆಮ್ಲಗಳಿಗೆ ಅಂಟಿಕೊಂಡು ಬೆಳಕಿನ ಕ್ರಿಯೆಯನ್ನು ಚುರುಕೂ ಮಾಡುತ್ತದೆ. ಬಿಸಿಲಿಗಿಟ್ಟ ನಳಿಕೆಯನ್ನು ಅಲುಗಿಸದೆ ಎತ್ತಿ ತಳ ನೋಡಿ: ತುಕ್ಕಿನ ಬಣ್ಣದ ನವಿರು ಗಸಿ ಕೂತಿದ್ದರೆ ಸಾವಯವ ದ್ರವ್ಯದ ಒಂದು ಪಾಲು ಒಡೆದಿಲ್ಲ, ಕಬ್ಬಿಣದ ಜೊತೆ ಇಳಿದಿದೆ. ಅದನ್ನು ಟಿಪ್ಪಣಿಯಲ್ಲಿ ಬರೆದು, ಮತ್ತೆ 0.2 ಮೈಕ್ರಾನಿನಲ್ಲಿ ಸೋಸಿಯೇ ಹೀರಿಕೆ ಅಳೆಯಬೇಕು.

ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ (ನೀರು ತುಂಬಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಇಡುವ ಸಣ್ಣ ಪಾತ್ರೆ) 250ರಿಂದ 700 ನ್ಯಾನೋಮೀಟರ್ ತನಕ ಓದಿ, 700ರ ಬೆಲೆಯನ್ನು ಎಲ್ಲದರಿಂದ ಕಳೆಯಿರಿ. ಹೀರಿಕೆಯನ್ನು 2.303ರಿಂದ ಗುಣಿಸಿ, ಕ್ಯುವೆಟ್ಟಿನ ಅಗಲವನ್ನು ಮೀಟರಿನಲ್ಲಿ ಹಿಡಿದು ಭಾಗಿಸಿದರೆ ಗುಣಾಂಕ. ನನಗೆ ಹೆಚ್ಚು ನಂಬಿಕೆ 275–295ರ ಇಳಿಜಾರಿನ ಮೇಲೆ: ಈ ಎರಡು ತರಂಗಗಳ ಗುಣಾಂಕಗಳ ಸಹಜ ಲಾಗರಿದಮ್‌ಗಳ ವ್ಯತ್ಯಾಸವನ್ನು 20ರಿಂದ ಭಾಗಿಸಿದ್ದು. ಗುಣಾಂಕ 275ರಲ್ಲಿ 30, 295ರಲ್ಲಿ 22 ಇದ್ದರೆ ಇಳಿಜಾರು 0.0155. ಬಿಸಿಲಿಗೆ ದೊಡ್ಡ ಅಣುಗಳು ಒಡೆದಂತೆ ಇದು ಏರುತ್ತದೆ. ಕತ್ತಲಿನ ನಳಿಕೆಯಲ್ಲೂ ಏರಿದ್ದರೆ ಫಿಲ್ಟರ್ ಅಥವಾ ಫಾಯಿಲ್ ಸರಿಯಿಲ್ಲ.

ಇನ್ನು ಸೂಕ್ಷ್ಮಾಣು. ಬೆಳಕಿನ ಕ್ರಿಯೆಯೇ ಆಮ್ಲಜನಕ ತಿನ್ನುವುದರಿಂದ ನೀರನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ. ಅದೇ ಅಳಿವೆಯ ಹೊಸ ನೀರನ್ನು 0.8 ಮೈಕ್ರಾನಿನಲ್ಲಿ ಸೋಸಿ ಹತ್ತನೇ ಒಂದು ಪಾಲು ಬೆರೆಸಿ. ಬೆಳಕು ಸಾವಯವ ದ್ರವ್ಯದಿಂದ ಅಮೋನಿಯಂ ಬಿಡಿಸುತ್ತದೆ. ಬೆಳವಣಿಗೆ ಹೆಚ್ಚಿದ್ದು ಸಾರಜನಕದಿಂದಲೋ ಇಂಗಾಲದಿಂದಲೋ ಎಂಬ ಗೊಂದಲ ಬೇಡವೆಂದು ಎಲ್ಲದಕ್ಕೂ ಲೀಟರಿಗೆ 2 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 0.3 ಮಿಲಿಗ್ರಾಂ ಪೊಟ್ಯಾಸಿಯಂ ಫಾಸ್ಫೇಟ್ ಹಾಕುತ್ತೇನೆ. ಅಮೋನಿಯಂ ಹಾಕಿದರೆ ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆಮ್ಲಜನಕ ಖರ್ಚು ಮಾಡಿ ಲೆಕ್ಕ ಕೆಡಿಸುತ್ತದೆ.

60 ಮಿಲಿಲೀಟರಿನ ಗಾಜಿನ ಬಿರಡೆಯ ಬಾಟಲಿಗಳಿಗೆ ಗುಳ್ಳೆ ಇಲ್ಲದಂತೆ ತುಂಬಿ, ಮೂರರಲ್ಲಿ ಕೂಡಲೇ, ಮೂರರಲ್ಲಿ 27 ಡಿಗ್ರಿಯ ಕತ್ತಲಲ್ಲಿ 3 ದಿನ ಇಟ್ಟು ವಿಂಕ್ಲರ್ ಎಂಬ ರಾಸಾಯನಿಕ ಕ್ರಮದಲ್ಲಿ ಕರಗಿದ ಆಮ್ಲಜನಕ ಅಳೆಯಿರಿ. ಎರಡರ ವ್ಯತ್ಯಾಸವೇ ಸೂಕ್ಷ್ಮಾಣುಗಳು ಖರ್ಚು ಮಾಡಿದ ಆಮ್ಲಜನಕ. ಒಂದೇ ದಿನ ಇಟ್ಟು ಅಳೆದ ಅಂಕಿ ನಂಬಬೇಡಿ: ಬಿಸಿಲಿನಲ್ಲಿ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್ ಮುಗಿಯುವ ತನಕ ಬೆಳವಣಿಗೆ ತಡೆದುಕೊಂಡಿರಬಹುದು. ಹೊಳೆಯ ಕಂದು ನೀರಿನಲ್ಲಿ ಸಾಮಾನ್ಯವಾಗಿ ಬಿಸಿಲು ಕಂಡದ್ದೇ ಹೆಚ್ಚು ಆಮ್ಲಜನಕ ಎಳೆಯುತ್ತದೆ. ಪಾಚಿ ಬೆಳೆದು ಹಸಿರಾದ ಕಡಲ ನೀರಿನಲ್ಲಿ ತಿರುಗುಮುರುಗು ಆಗುವುದುಂಟು. ತಾಜಾ ದ್ರವ್ಯ ಬೆಳಕಿಗೆ ಇನ್ನಷ್ಟು ಜೀರ್ಣವಾಗದ್ದಾಗುತ್ತದೆ.

ಕೊಲ್ಲುವ ಪಾಲನ್ನು ನೋಡಲು ಸೋಸದ ನೀರನ್ನು ಅದೇ ಹಾಳೆಗಳಡಿ ಇಟ್ಟು, ಸೂಕ್ಷ್ಮಾಣು ಬೆಳೆಸುವ ಅಗಾರ್ ತಟ್ಟೆಯಲ್ಲಿ ಎಣಿಸಬಹುದು. ತಟ್ಟೆಯಲ್ಲಿ ಕಾಣದ ಕೋಶಗಳೆಲ್ಲ ಸತ್ತಿರುವುದಿಲ್ಲ. ಡಿಎನ್ಎಗೆ ಪೆಟ್ಟು ಬಿದ್ದವು ನೀಲಿ ಬೆಳಕು ಸಿಕ್ಕರೆ ರಿಪೇರಿ ಮಾಡಿಕೊಂಡು ಮತ್ತೆ ಬೆಳೆಯುತ್ತವೆ. ಆದ್ದರಿಂದ ತಟ್ಟೆಗೆ ಹಾಕುವ ತನಕ ನಳಿಕೆಗಳು ಮಂಜುಗಡ್ಡೆಯ ಮೇಲೆ, ಕತ್ತಲಲ್ಲಿ ಇರಬೇಕು.