ಮೈತ್ರಿಯ ಚಳಿಗಾಲದಲ್ಲಿ ಬೆವರೇ ಶತ್ರು

ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಬಂಡೆನೆಲದಲ್ಲಿರುವ ಭಾರತದ ಮೈತ್ರಿ ಸಂಶೋಧನಾ ಕೇಂದ್ರಕ್ಕೆ ಹೊರಟವರು ಮೊದಲು ಕೇಳುವುದು ಜಾಕೆಟ್ ಎಷ್ಟು ದಪ್ಪ ಇರಬೇಕು ಅಂತ. ಕೇಳಬೇಕಾದ್ದು ಅದಲ್ಲ. ಮೈ ಒಣಗಿದ್ದರೆ ಮೈನಸ್ 30 ಡಿಗ್ರಿಯಲ್ಲೂ ಕೆಲಸ ಸಾಗುತ್ತದೆ. ಒಳಬಟ್ಟೆ ಒದ್ದೆಯಾಗಿದ್ದರೆ ಮೈನಸ್ 10ಕ್ಕೇ ನಡುಕ ಹತ್ತುತ್ತದೆ.

ನಾನು ಹಾಕುವುದು ಮೈಗಂಟುವ ತೆಳು ಮೆರಿನೋ ಉಣ್ಣೆ, ಮೇಲೆ ಫ್ಲೀಸ್ ಎಂಬ ಮೆತ್ತನೆಯ ಸಿಂಥೆಟಿಕ್ ಬಟ್ಟೆ, ಹೊರಗೆ ಗಾಳಿ ತಡೆಯುವ ಪದರ. ಹಕ್ಕಿಯ ನಯವಾದ ಪುಕ್ಕ ತುಂಬಿದ ದಪ್ಪನೆಯ ಡೌನ್ ಜಾಕೆಟ್ ಚೀಲದಲ್ಲೇ ಇರುತ್ತದೆ, ಕೆಲಸ ನಿಲ್ಲಿಸಿದ ಕೂಡಲೇ ಹೊರಬರುತ್ತದೆ. ಹತ್ತಿ ಬನಿಯನ್ ಬೇಡವೇ ಬೇಡ, ಹೀರಿದ ಬೆವರನ್ನು ಬಿಡುವುದಿಲ್ಲ. ಬಾಗಿಲು ದಾಟಿದಾಗ ಒಂಚೂರು ಚಳಿ ಎನಿಸಬೇಕು. ಆಗಲೇ ಬೆಚ್ಚಗಿದ್ದರೆ ಹತ್ತು ನಿಮಿಷ ಸಲಿಕೆ ಹಿಡಿದ ಮೇಲೆ ಬೆವರುವುದು ಖಂಡಿತ. ಎಂಪರರ್ ಪೆಂಗ್ವಿನ್‌ಗಳದ್ದೂ ಇದೇ ಲೆಕ್ಕ. ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡ ಗಂಡುಗಳು ಒತ್ತೊತ್ತಾಗಿ ನಿಂತಾಗ ಗುಂಪಿನ ನಡುವೆ 37 ಡಿಗ್ರಿವರೆಗೂ ಕಾವೇರುತ್ತದೆ. ಸೆಕೆ ಹೆಚ್ಚಾದರೆ ಗುಂಪೇ ಚದುರುತ್ತದೆ.

ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿಗೆ ಇನ್ನೊಂದು ಕಾಲುಚೀಲ ತುರುಕುವುದು ಹೊಸಬರೆಲ್ಲ ಮಾಡುವ ತಪ್ಪು, ಬೆರಳ ತುದಿಗೆ ರಕ್ತವೇ ಇಳಿಯುವುದಿಲ್ಲ. ರಾತ್ರಿ ಒಳಅಟ್ಟೆ ತೆಗೆದು ಒಣಗಿಸಿ. ತೆಳು ಗ್ಲೌಸಿನ ಮೇಲೆ ಹಾಕುವ ಮಿಟ್ಟನ್‌ಗೆ (ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಟ್ಟಿಗಿರುವ ದಪ್ಪ ಕೈಚೀಲ) ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಅಲ್ಲಿನ ಗಾಳಿಗೆ ಹಾರಿದ್ದು ಹಾರಿದ್ದೇ. ನೀರಿನ ಬಾಟಲಿ ತಲೆಕೆಳಗಾಗಿರಲಿ: ಮಂಜು ಮೇಲಿಂದ ಕಟ್ಟುತ್ತದೆ, ಮುಚ್ಚಳದ ಬಳಿ ನೀರು ಉಳಿಯುತ್ತದೆ.

ಬಹಳ ಜನ ಮರೆಯುವುದು ಇಂಧನವನ್ನು. ವಿಮಾನದ ಇಂಧನ ಮೈನಸ್ 35ರಲ್ಲೂ ನೀರಿನ ಹಾಗೆ ಹರಿಯುತ್ತದೆ. ಬರಿಗೈ ಮೇಲೆ ಚೆಲ್ಲಿದರೆ ಅಷ್ಟೇ ತಂಪಿನ ದ್ರವ ಚರ್ಮಕ್ಕೆ ಮೆತ್ತಿಕೊಂಡು ಕ್ಷಣದಲ್ಲಿ ಮಾಂಸವನ್ನು ಹೆಪ್ಪುಗಟ್ಟಿಸುತ್ತದೆ. ತುಂಬಿಸುವಾಗ ಇಂಧನ ಒಳಗಿಳಿಯದ ಗ್ಲೌಸ್ ಕಡ್ಡಾಯ.

ಮೈನಸ್ 30ಕ್ಕೆ ಗಂಟೆಗೆ 40 ಕಿಲೋಮೀಟರ್ ಗಾಳಿ ಸೇರಿದರೆ ಚರ್ಮಕ್ಕೆ ಅದು ಮೈನಸ್ 48ರಷ್ಟು. ತೆರೆದ ಕೆನ್ನೆ ಹೆಪ್ಪುಗಟ್ಟಲು ಕೆಲವೇ ನಿಮಿಷ ಸಾಕು. ಮೊದಲು ಚುಚ್ಚುವ ನೋವು, ಆಮೇಲೆ ಮೇಣದಂಥ ಬಿಳಿ ಮಚ್ಚೆ. ನೋವು ನಿಂತಿತೆಂದು ಸಮಾಧಾನಪಡಬೇಡಿ, ಆಗಲೇ ಕೆಟ್ಟಿರುವುದು. ನಮ್ಮ ಮೂಗು ನಮಗೆ ಕಾಣದು, ಹಾಗಾಗಿ ಇಬ್ಬಿಬ್ಬರಾಗಿ ಹೋಗಿ ಆಗಾಗ ಒಬ್ಬರ ಮುಖ ಇನ್ನೊಬ್ಬರು ನೋಡಬೇಕು.

ಹೆಪ್ಪುಗಟ್ಟಿದ ಬೆರಳನ್ನು ಉಜ್ಜಬೇಡಿ, ಹೀಟರ್‌ಗೆ ಹಿಡಿಯಬೇಡಿ: ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗದು. 37ರಿಂದ 39 ಡಿಗ್ರಿ ನೀರಿನಲ್ಲಿ, ಥರ್ಮಾಮೀಟರ್ ಇಟ್ಟುಕೊಂಡೇ, ಸುಮಾರು ಅರ್ಧ ಗಂಟೆ ಮುಳುಗಿಸಿ. ನೋವು ಜೋರಾಗಿರುತ್ತದೆ, ಮಾತ್ರೆ ಮೊದಲೇ ಕೊಡಿ. ಕೇಂದ್ರ ಇನ್ನೂ ದೂರವಿದ್ದು ಬೆರಳು ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸಲೇಬೇಡಿ. ಮರಗಟ್ಟಿದ ಕಾಲಿನಲ್ಲೇ ನಡೆದು ಬರುವುದು ವಾಸಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳನ್ನು ಉಳಿಸಿಕೊಳ್ಳುವುದು ಬಲು ಕಷ್ಟ.