ಹೊಸ ಎಂಜಿನಿಯರುಗಳಲ್ಲಿ ಸಂಸ್ಥೆಗಳು ಹುಡುಕುವುದೇನು? ಸಂದರ್ಶನಕ್ಕೆ ಸಿದ್ಧರಾಗುವ ಬಗೆ

ಈಗಷ್ಟೇ ಪದವಿ ಮುಗಿಸಿದವರಿಗೆ ಉದ್ಯೋಗಾನುಭವ ಇರುವುದಿಲ್ಲವೆಂಬುದು ಸಂದರ್ಶಕರಿಗೂ ತಿಳಿದಿರುತ್ತದೆ. ಆದುದರಿಂದಲೇ ಅಭ್ಯರ್ಥಿಯು ಪರಿಚಯವಿಲ್ಲದ ಸಮಸ್ಯೆಯನ್ನು ಹೇಗೆ ಬಿಡಿಸಿ ನೋಡುತ್ತಾನೆ ಅಥವಾ ನೋಡುತ್ತಾಳೆ ಎಂಬುದರ ಮೇಲೆ ಅವರ ಗಮನ ಹೆಚ್ಚಾಗಿರುತ್ತದೆ.

ಸಿದ್ಧತೆಯನ್ನು ಅಂತಿಮ ವರ್ಷದ ಪ್ರಾಜೆಕ್ಟಿನಿಂದ ಆರಂಭಿಸಿ. ಅದರಲ್ಲಿ ನೀವು ಸ್ವತಃ ಮಾಡಿದ ಭಾಗ ಯಾವುದು, ಇದ್ದ ಆಯ್ಕೆಗಳಲ್ಲಿ ಆ ಸೆನ್ಸರನ್ನೋ ಆ ಲೋಹವನ್ನೋ ಆ ಡೇಟಾಬೇಸನ್ನೋ ಆರಿಸಿದ್ದೇಕೆ, ಪರೀಕ್ಷೆ ಹೇಗೆ ನಡೆಸಿದಿರಿ, ಯಾವುದು ಕೈಕೊಟ್ಟಿತು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಸಂದರ್ಶಕರು ‘ಏಕೆ’ ಎಂದು ಮೂರು ನಾಲ್ಕು ಬಾರಿ ಕೆದಕಿ ಕೇಳುವುದು ಇಲ್ಲಿಯೇ. ಬೇರೆಯವರಿಂದ ಮಾಡಿಸಿಕೊಂಡ ಪ್ರಾಜೆಕ್ಟು ಎರಡನೆಯ ‘ಏಕೆ’ಗೆ ಬಯಲಾಗುವುದೇ ಹೆಚ್ಚು. ವಿಫಲವಾದ ಪ್ರಯೋಗವನ್ನು ಮುಚ್ಚಿಡಬೇಕಾಗಿಲ್ಲ. ಅದರ ಕಾರಣವನ್ನು ಪತ್ತೆಹಚ್ಚಿದ ರೀತಿಯನ್ನು ವಿವರಿಸಬಲ್ಲವರಿಗೆ ಅಂಕಪಟ್ಟಿ ತಂದುಕೊಡಲಾಗದ ತೂಕ ಬರುತ್ತದೆ.

ಅನಂತರ ಮೂಲಪಾಠಗಳಿಗೆ ಮರಳಿ. ಯಂತ್ರಶಾಸ್ತ್ರದವರಿಗೆ ಸುರಕ್ಷತಾ ಗುಣಾಂಕ (ಭಾಗವೊಂದು ಹೊರಬೇಕಾದ ಭಾರಕ್ಕಿಂತ ಎಷ್ಟು ಪಟ್ಟು ಭಾರ ತಾಳಬಲ್ಲದು ಎಂಬ ಅಂಕೆ) ಮತ್ತು ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ), ವಿದ್ಯುತ್ ವಿಭಾಗದವರಿಗೆ ಓಮ್ ಮತ್ತು ಕಿರ್ಚಾಫ್ ನಿಯಮಗಳು ನಾಲಿಗೆಯ ತುದಿಯಲ್ಲಿರಬೇಕು. ಕಂಪ್ಯೂಟರ್ ವಿಭಾಗದವರಾದರೆ, ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದಾಗ ಬರುವ ಉತ್ತರ ಕರಾರುವಾಕ್ಕಾಗಿ 0.3 ಆಗದಿರುವುದಕ್ಕೆ ಕಾರಣ ಹೇಳಲು ಯತ್ನಿಸಿ: ಕಂಪ್ಯೂಟರ್ ಸಂಖ್ಯೆಗಳನ್ನು 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಇಡುತ್ತದೆ, ಅದರಲ್ಲಿ 0.1ನ್ನು ಪೂರ್ಣವಾಗಿ ಬರೆಯಲಾಗದು. ಇಂಥ ಚಿಕ್ಕ ಪ್ರಶ್ನೆಗಳೇ ತಿಳಿವಳಿಕೆಯನ್ನು ಬಾಯಿಪಾಠದಿಂದ ಬೇರ್ಪಡಿಸುತ್ತವೆ.

ರೆಸ್ಯೂಮೆ ಒಂದು ಪುಟ ಮೀರದಿರಲಿ. ಪ್ರಶ್ನಿಸಿದರೆ ಉತ್ತರಿಸಲಾಗದ ತಂತ್ರಾಂಶದ ಹೆಸರನ್ನು ಅದರಲ್ಲಿ ಸೇರಿಸಬೇಡಿ.

ಸಂದರ್ಶನದಲ್ಲಿ ಸಮಸ್ಯೆ ಕೊಟ್ಟಾಗ ಮೌನವಾಗಿ ಲೆಕ್ಕ ಹಾಕುವುದಕ್ಕಿಂತ, ಏನನ್ನು ಊಹಿಸಿಕೊಂಡಿದ್ದೀರಿ ಎಂಬುದನ್ನು ಹೇಳುತ್ತಾ ಮುಂದುವರಿಯುವುದು ಒಳ್ಳೆಯದು. ಉತ್ತರ ಬಂದ ಮೇಲೆ ಏಕಮಾನವೂ ಪ್ರಮಾಣವೂ ಸರಿಯಾಗಿವೆಯೇ ಎಂದು ಪರಿಶೀಲಿಸಿ. ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಂಡು, ಹುಡುಕಬೇಕಾದರೆ ಎಲ್ಲಿಂದ ಆರಂಭಿಸುವಿರಿ ಎಂಬುದನ್ನು ತಿಳಿಸಿ.

ತಂಡದಲ್ಲಿ ದುಡಿಯುವ ಮತ್ತು ಸ್ಪಷ್ಟವಾಗಿ ಬರೆದು ತಿಳಿಸುವ ಸಾಮರ್ಥ್ಯವನ್ನು ಹಲವರು ಅಲಂಕಾರವೆಂದೇ ಭಾವಿಸುತ್ತಾರೆ. ಆದರೆ ಎಂಜಿನಿಯರಿಂಗ್ ಶಿಕ್ಷಣದ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳಲೆಂದು 1989ರಲ್ಲಿ ಏರ್ಪಟ್ಟ ವಾಷಿಂಗ್ಟನ್ ಒಪ್ಪಂದವು ಪದವೀಧರರಲ್ಲಿ ನಿರೀಕ್ಷಿಸುವ ಗುಣಗಳ ಪಟ್ಟಿಯಲ್ಲಿ, ವಿನ್ಯಾಸ ಕೌಶಲದ ಜೊತೆಗೆ ಇವೂ ವೃತ್ತಿನೀತಿಯೂ ಸೇರಿವೆ. ಹಾಗಾಗಿ ತಂಡದೊಳಗಿನ ಭಿನ್ನಾಭಿಪ್ರಾಯವೊಂದು ಹೇಗೆ ಬಗೆಹರಿಯಿತು ಎಂಬ ನಿಜ ಉದಾಹರಣೆಯೊಂದನ್ನು, ಯಾರನ್ನೂ ದೂರದೆ ಹೇಳಲು ಸಿದ್ಧವಾಗಿಟ್ಟುಕೊಳ್ಳಿ.

ಕೊನೆಯಲ್ಲಿ ಪ್ರಶ್ನೆ ಕೇಳುವ ಸರದಿ ನಿಮ್ಮದಾದಾಗ, ಮೊದಲ ಆರು ತಿಂಗಳಲ್ಲಿ ಹೊಸಬರಿಗೆ ಯಾವ ಕೆಲಸ ವಹಿಸಲಾಗುತ್ತದೆ, ಅದನ್ನು ಪರಿಶೀಲಿಸುವವರು ಯಾರು ಎಂದು ವಿಚಾರಿಸಿ.